ಮೊದಲು ಹೋಗುವವರ ಪಟ್ಟಿ

ಅದು ಶುರುವಾದದ್ದು ಚಳಿ ಮುಗಿದು ಬಿಸಿಲು ಇನ್ನೂ ಬಲಿಯದ ದಿನಗಳಲ್ಲಿ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ. ಆ ಹೊತ್ತಿನಲ್ಲಿ ಸ್ಟುಡಿಯೋದ ಪಕ್ಕದ ಕಿಟಕಿಯ ಬೆಳಕು ಸರಿಯಾಗಿ ಸ್ಟೂಲಿನ ಮೇಲೆ ಬೀಳುತ್ತದೆ. ಅರ್ಧ ಗಂಟೆ ಇದ್ದು ಗೋಡೆಗೆ ಸರಿದುಹೋಗುತ್ತದೆ. ಆ ಅರ್ಧ ಗಂಟೆಯನ್ನು ನಂಬಿಕೊಂಡು ನಲವತ್ತೊಂದು ವರ್ಷ ಸಂಸಾರ ನಡೆಸಿದವನು ನಗಬೇಡಪ್ಪ.

ಇದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಸ್ಟೂಲಿನ ಮೇಲೆ ಯಾರೇ ಕೂರಲಿ, ಅವನು ತನ್ನ ಡಬ್ಬಿ ಕ್ಯಾಮೆರಾದ ಮೇಲೆ ಬಗ್ಗಿ, ಒಳಗೆ ಇಣುಕಿ, ಮೆಲ್ಲಗೆ "ನಗಬೇಡಪ್ಪ" ಎನ್ನುತ್ತಿದ್ದ. ಹೆಂಗಸಾದರೆ "ನಗಬೇಡಮ್ಮ." ನಕ್ಕ ಮುಖ ಮೂರು ದಿನಕ್ಕೆ ಹಳಸುತ್ತದೆ, ಸುಮ್ಮನಿದ್ದ ಮುಖ ಮೂವತ್ತು ವರ್ಷ ಗೋಡೆಯ ಮೇಲೆ ಬಾಳುತ್ತದೆ ಎಂದು ಅವನ ನಂಬಿಕೆ. ಹೀಗಾಗಿ ಆ ಬೀದಿಯ ಎಲ್ಲ ಮನೆಗಳ ಗೋಡೆಯ ಮೇಲೂ ಎರಡು ತಲೆಮಾರಿನ ಜನ ಈಗ ತಾನೇ ಕೆಟ್ಟ ಸುದ್ದಿ ಕೇಳಿದವರಂತೆ ನೋಡುತ್ತ ಕೂತಿದ್ದರು. ಮದುವೆಯ ಜೋಡಿಗಳೂ ಅಷ್ಟೇ.

ಆ ದಿನ ಸ್ಟೂಲು ಖಾಲಿಯಿತ್ತು. ಬೀದಿಯ ಮೂಲೆಯಲ್ಲಿ ಬಣ್ಣದ ಸ್ಟುಡಿಯೋ ಬಂದ ಮೇಲೆ ಅದು ಖಾಲಿಯಿರುವುದೇ ಹೆಚ್ಚು. ತಿಂಗಳಿಗೊಮ್ಮೆ ಫಿಲಂ, ಪೇಪರು, ಫೋಟೋ ತೊಳೆಯುವ ಪುಡಿ ತರುವ ಏಜೆಂಟ ಬಂದು ಅದೇ ಸ್ಟೂಲಿನ ಮೇಲೆ ಕೂತ. ಪೇಪರು ತೆಗೆದಿಟ್ಟ. ಪುಡಿ ತೆಗೆದಿಟ್ಟ. ಚೀಲದ ಬಾಯಿ ಕಟ್ಟಿದ.

"ನೀಲಿ ಡಬ್ಬಿ?" ಎಂದು ಕೇಳಿದ ನಗಬೇಡಪ್ಪ. ನಲವತ್ತೊಂದು ವರ್ಷದಿಂದ ಅವನು ಬಳಸುತ್ತಿದ್ದ ಕಪ್ಪು ಬಿಳುಪಿನ ಫಿಲಂ ನೀಲಿ ಡಬ್ಬಿಯಲ್ಲಿ ಬರುತ್ತಿತ್ತು.

"ಈ ಸಲ ಇಲ್ಲ ಸಾರ್."

"ಮುಂದಿನ ಸಲ?"

"ಮುಂದಿನ ಸಲ ಅನ್ನೋದೇ ಇಲ್ವಂತೆ. ಕಂಪನಿ ನಿಲ್ಲಿಸಿಬಿಡ್ತಂತೆ."

"ಯಾರು ಹೇಳಿದ್ದು?"

"ಗೋಡೌನಿನ ಲಾರಿ ಡ್ರೈವರು ಸಾರ್. ಅವನೇ ಕಣ್ಣಾರೆ ನೋಡಿದ್ನಂತೆ. ನೀಲಿ ಡಬ್ಬಿ ಇಡೋ ಕಪಾಟು ಖಾಲಿ. ಗುಡಿಸಿ ಒರೆಸಿಬಿಟ್ಟಿದ್ದಾರಂತೆ."

ಒಳ್ಳೆಯ ಸುದ್ದಿಯಾಗಿದ್ದರೆ ನಗಬೇಡಪ್ಪ ಹತ್ತು ಪ್ರಶ್ನೆ ಕೇಳುತ್ತಿದ್ದ. ಕೆಟ್ಟ ಸುದ್ದಿಗೆ ಸಾಕ್ಷಿ ಕೇಳುವ ಅಭ್ಯಾಸ ಅವನಿಗಿರಲಿಲ್ಲ. ಎದ್ದು, ಸ್ಟುಡಿಯೋದ ಹಿಂದಿದ್ದ ಮನೆಯೊಳಗೆ ಹೋಗಿ, ಫ್ರಿಜ್ಜಿನ ಬಾಗಿಲು ತೆಗೆದು ನಿಂತ. ಮೊಟ್ಟೆ ಇಡುವ ಗುಳಿಗಳಲ್ಲಿ ಫಿಲಂ ಇಡುವುದು ಆ ಮನೆಯ ಕ್ರಮ. ಎರಡು ರೋಲು ಇತ್ತು. ಒಂದೊಂದರಲ್ಲಿ ಹನ್ನೆರಡು ಫೋಟೋ.

"ರೀ, ಬಾಗಿಲು ಹಾಕಿ. ಒಳಗಿರೋದೆಲ್ಲ ಬೆಚ್ಚಗಾಗುತ್ತೆ," ಎಂದಳು ಹೆಂಡತಿ.

"ಇನ್ನು ಇಪ್ಪತ್ನಾಲ್ಕೇ ಮುಖ ಕಣೇ."

"ಯಾರ ಮುಖ?"

"ಅದನ್ನೇ ನೋಡಬೇಕು," ಎಂದು ಅವನು ಡಾರ್ಕ್ ರೂಮಿಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡ.

ದುಃಖ ಬಂದಾಗ ಅವನು ಹೋಗುತ್ತಿದ್ದ ಜಾಗ ಅದು. ಅಲ್ಲಿಗೆ ಯಾರೂ ಬರುವಂತಿಲ್ಲ. ಬಹಳ ಹಿಂದೆ ಒಂದು ಸಲ ಹೆಂಡತಿ ಊಟಕ್ಕೆ ಕರೆಯಲು ಬಾಗಿಲು ತೆಗೆದಳು. ಬೆಳಕು ಬಿದ್ದು ಒಂದು ಇಡೀ ಮದುವೆ ಕಪ್ಪಾಗಿಹೋಯಿತು. ಅಂದಿನಿಂದ ಊಟ ಆರಿದರೂ ಸರಿ, ಆ ಬಾಗಿಲನ್ನು ಅವಳು ಮುಟ್ಟುತ್ತಿರಲಿಲ್ಲ.

ಕೆಂಪು ದೀಪ ಹಾಕಿಕೊಂಡು ಅವನು ಯೋಚಿಸಿದ. ಅವನನ್ನು ಕಾಡುತ್ತಿದ್ದುದು ಒಂದೇ ಚಿಂತೆ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಜನ ಓಡಿಬರುತ್ತಿದ್ದರು, ಕೈಯಲ್ಲಿ ಯಾವುದೋ ಮದುವೆಯ ಗುಂಪಿನ ಫೋಟೋ ಹಿಡಿದುಕೊಂಡು. "ಇದರಲ್ಲಿ ನಮ್ಮ ತಾತ ಹಿಂದಿನ ಸಾಲಲ್ಲಿದ್ದಾರೆ, ಮುಖ ಮಾತ್ರ ದೊಡ್ಡದು ಮಾಡಿಕೊಡಿ." ಕಡಲೆಕಾಳಿನಷ್ಟು ಮುಖವನ್ನು ದೊಡ್ಡದು ಮಾಡಿದರೆ ತಾತನ ಜೊತೆ ಪಕ್ಕದವನ ಅರ್ಧ ಕಿವಿಯೂ ಬರುತ್ತಿತ್ತು. ಎದುರು ಮನೆಯ ಗೋಡೆಯಲ್ಲಿ ಇಂದಿಗೂ ಒಬ್ಬ ಅಜ್ಜನಿದ್ದಾನೆ. ಅವನ ಹೆಗಲ ಮೇಲೆ ಯಾರದೋ ಒಂದು ಕೈ ಇದೆ. ಕೈಯ ಹಿಂದೆ ಮನುಷ್ಯ ಇಲ್ಲ.

ಆದ್ದರಿಂದ ಇಪ್ಪತ್ನಾಲ್ಕು ಫ್ರೇಮನ್ನು ಬೀದಿಯ ಇಪ್ಪತ್ನಾಲ್ಕು ಹಿರಿಯರಿಗೆ, ಅವರು ಹೋಗುವ ಮೊದಲೇ, ನೆಟ್ಟಗೆ ಕೂರಿಸಿ, ಒಬ್ಬೊಬ್ಬರಿಗೆ ಒಂದೊಂದು ಎಂದು ಹಂಚುವುದು ಅವನ ತೀರ್ಮಾನ. ಇದರಲ್ಲಿ ಕೆಟ್ಟದ್ದೇನಿದೆ? ಒಂದು ದಪ್ಪ ಬಿಳಿ ಕಾಗದ ತೆಗೆದುಕೊಂಡ. ಕಪ್ಪು ಶಾಯಿಯಲ್ಲಿ ಬರೆದ: "ಈ ಕೆಳಗಿನವರು ದಯವಿಟ್ಟು ಬಂದು ಕೂರಬೇಕು. ದುಡ್ಡು ಬೇಡ." ಕೆಳಗೆ ಒಂದರಿಂದ ಇಪ್ಪತ್ನಾಲ್ಕರವರೆಗೆ ಹೆಸರುಗಳು. ಯಾರನ್ನು ಮೊದಲು ಕರೆಯಬೇಕು ಎಂದು ತೂಗಿ ನೋಡಲು ನೆಗೆಟಿವ್ ತಿದ್ದುವ ಕೆಂಪು ಪೆನ್ಸಿಲ್ ಹಿಡಿದು ಹೆಸರುಗಳ ಮುಂದೆ ಗೀಚತೊಡಗಿದ. ಏನೂ ಮೂಡಲಿಲ್ಲ. ಮೊನೆ ಸತ್ತಿದೆ ಎಂದುಕೊಂಡ. ಆದರೂ ಪೆನ್ಸಿಲ್ ಆಡದೆ ಅವನಿಗೆ ಯೋಚನೆ ಓಡದು. ಮೂಡದ ಪೆನ್ಸಿಲ್ಲಿನಲ್ಲೇ ಕೊನೆಯವರೆಗೂ ಬರೆದ. ಮೇಲೆ ಒಂದು ತಲೆಬರಹವನ್ನೂ ಬರೆದ.

ಕೆಂಪು ದೀಪದಲ್ಲಿ ಕೆಂಪು ಅಕ್ಷರ ಕಾಣುವುದಿಲ್ಲ ಎಂಬುದು ಫೋಟೋ ಕೆಲಸದವರಿಗೆಲ್ಲ ಗೊತ್ತು. ನಗಬೇಡಪ್ಪನಿಗೂ ನಲವತ್ತೊಂದು ವರ್ಷದಿಂದ ಗೊತ್ತಿತ್ತು. ಆ ದಿನ ಗೊತ್ತಾಗಲಿಲ್ಲ. ಅಷ್ಟೇ.

ಹೊರಗೆ ಬಂದವನು ಕನ್ನಡಕವನ್ನು ಹಣೆಗೇರಿಸಿ, ಕಣ್ಣೊರೆಸಿಕೊಳ್ಳುತ್ತ, ಕಾಗದವನ್ನು ಷೋಕೇಸಿನ ಗಾಜಿಗೆ ಒಳಗಿನಿಂದ ಅಂಟಿಸಿದ. ಅಕ್ಷರ ಬೀದಿಯ ಕಡೆ. ಒಳಗಿದ್ದ ಅವನಿಗೆ ಕಂಡದ್ದು ಬಿಳಿ ಬೆನ್ನು ಮಾತ್ರ.

ಮರುದಿನ ಬಾಗಿಲು ತೆಗೆದಾಗ ಹೊರಗೆ ಹದಿನೈದು ಜನ ನಿಂತಿದ್ದರು. ಬಣ್ಣದ ಸ್ಟುಡಿಯೋ ಬಂದ ಮೇಲೆ ಅಷ್ಟು ಜನರನ್ನು ಅವನು ನೋಡಿರಲಿಲ್ಲ. ಎದೆ ತುಂಬಿಬಂತು. "ಬನ್ನಿ, ಬನ್ನಿ, ಒಬ್ಬೊಬ್ಬರಾಗಿ ಬನ್ನಿ," ಎಂದ.

"ಒಬ್ಬೊಬ್ಬರಾಗಿ ಅಂತ ನೀವೇ ಬರೆದಿದ್ದೀರಲ್ಲ," ಎಂದರು ಟೀಚರಮ್ಮ. ಶಾಲೆ ಬಿಟ್ಟು ಹದಿನಾಲ್ಕು ವರ್ಷವಾಗಿದ್ದರೂ ಅವರ ಗಂಟಲು ಕೊನೆಯ ಬೆಂಚಿಗೆ ಕೇಳುವಂತೆಯೇ ಇತ್ತು. ಕೋಲಿನ ತುದಿಯಲ್ಲಿ ಗಾಜನ್ನು ಮುಟ್ಟಿ ಓದಿದರು. "ಮೊದಲು ಹೋಗುವವರು. ಒಂದು, ಗಡಿಯಾರದಣ್ಣ. ಉಸಿರು ಸದ್ದು ಮಾಡುತ್ತೆ, ಈ ಚಳಿ ದಾಟಿದ್ದೇ ಹೆಚ್ಚು. ಎರಡು, ಟೀಚರಮ್ಮ. ಹಟದ ಮೇಲೆ ನಡೀತಿದೆ. ಮೂರು, ಟೈಲರು. ಬಣ್ಣ ಸರಿಯಿಲ್ಲ, ಬೀಡಿ. ಮುಂದೆ ಓದಲಾ?"

ನಗಬೇಡಪ್ಪ ಹೊರಗೆ ಬಂದು ಗಾಜಿನ ಮುಂದೆ ನಿಂತ. ಬೆಳಗಿನ ಬಿಸಿಲಿನಲ್ಲಿ ಕೆಂಪು ಅಕ್ಷರ ಒಂದೊಂದೂ ಕುಂಕುಮದಂತೆ ಬೆಳಗುತ್ತಿತ್ತು. ಅವನ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಮೂಡಿಬಂದ ಕೆಲಸ ಇನ್ನೊಂದಿರಲಿಲ್ಲ.

"ಅದು... ಹೋಗ್ತೀರಿ ಅಂತಲ್ಲ," ಎಂದ. "ಹೋದ್ರೆ ಅಂತ."

"ನನ್ನ ಬಣ್ಣ ಸರಿಯಿಲ್ವಾ?" ಟೈಲರು ಹೆಗಲ ಮೇಲಿನ ಟೇಪನ್ನು ಎಳೆದು ಕೈಗೆ ಸುತ್ತಿಕೊಂಡ. "ನಿಮ್ಮದು ಕಪ್ಪು ಬಿಳುಪಿನ ಸ್ಟುಡಿಯೋ. ನಿಮಗೆ ಬಣ್ಣದ ವಿಷಯ ಯಾರು ಹೇಳಿದ್ದು?"

"ಅವನಿಗಾದ್ರೂ ಮೂರನೇ ನಂಬರು ಸಿಕ್ಕಿದೆ," ಎಂದು ಬೇಕರಿಯವನು ಮುಂದೆ ನುಗ್ಗಿದ. "ನನಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಪಟ್ಟಿಯಲ್ಲಿ ನನ್ನ ಹೆಸರೇ ಇಲ್ಲ. ನಿಮ್ಮ ಮಗಳ ಮದುವೆ ಕೇಕು ಯಾರು ಮಾಡಿದ್ದು ಹಾಗಾದ್ರೆ?"

"ಇಪ್ಪತ್ನಾಲ್ಕೇ ಇತ್ತಪ್ಪ..."

"ಇರಲಿ ಬಿಡಿ. ನಾನು ಸತ್ತ ಮೇಲೆ ನೋಡ್ಕೊಳ್ತೀನಿ."

ಆಗ ಗುಂಪು ಸರಿದು ದಾರಿ ಬಿಟ್ಟಿತು. ಬೀದಿಯ ಆ ಬದಿಯಿಂದ ಗಡಿಯಾರದಣ್ಣ ಬರುತ್ತಿದ್ದ.

ಗಡಿಯಾರದಣ್ಣನಿಗೆ ಎಂಬತ್ತೊಂದು. ಎದುರಿನ ಗಡಿಯಾರ ರಿಪೇರಿ ಅಂಗಡಿ ಅವನದು. ನಗಬೇಡಪ್ಪನ ಕ್ಯಾಮೆರಾದ ಶಟರ್ ಕೆಟ್ಟಾಗಲೆಲ್ಲ ಬಿಚ್ಚಿ ಸರಿಮಾಡಿದವನು ಅವನೇ. ಮೂವತ್ತೆಂಟು ವರ್ಷದಿಂದ ಸಂಜೆ ನಾಲ್ಕಕ್ಕೆ ಇಬ್ಬರೂ ಸ್ಟುಡಿಯೋದ ಬೆಂಚಿನ ಮೇಲೆ ಕೂತು ಟೀ ಕುಡಿಯುತ್ತಿದ್ದರು. ಹೆಚ್ಚು ಮಾತಿರಲಿಲ್ಲ. "ನಿನ್ನ ಕ್ಯಾಮೆರಾದ ಒಂದು ಸೆಕೆಂಡು, ಒಂದೂಕಾಲು ಸೆಕೆಂಡು ಕಣಯ್ಯ," ಎಂದು ಅಣ್ಣ. "ಇರಲಿ ಬಿಡಿ ಅಣ್ಣಾ, ಯಾರಿಗೂ ಅವಸರ ಇಲ್ಲ," ಎಂದು ಇವನು. ಅಷ್ಟರಲ್ಲಿ ಟೀ ಮುಗಿಯುತ್ತಿತ್ತು.

ಅಣ್ಣ ಜೇಬಿನಿಂದ ಗಡಿಯಾರ ನೋಡುವ ಭೂತಗಾಜನ್ನು ತೆಗೆದು ಕಣ್ಣಿಗೆ ಸಿಕ್ಕಿಸಿಕೊಂಡ. ಒಂದನೇ ಸಾಲನ್ನು ಓದಿದ. ಮತ್ತೊಮ್ಮೆ ಓದಿದ. ಹದಿನೈದು ಜನ ಉಸಿರು ಬಿಗಿಹಿಡಿದು ನಿಂತಿದ್ದರು, ಅಣ್ಣನ ಉಸಿರು ಮಾತ್ರ ಸದ್ದು ಮಾಡುತ್ತಿತ್ತು. ಅದು ಸದ್ದು ಮಾಡುತ್ತಿದೆ ಎಂದು ಅಣ್ಣನಿಗೂ ಆಗಲೇ ಗೊತ್ತಾಗಿರಬೇಕು. ಗಾಜು ಜೇಬಿಗೆ ಹಾಕಿ, ಬಂದ ದಾರಿಯಲ್ಲೇ ಹೋದ.

ಆ ಸಂಜೆ ನಾಲ್ಕಕ್ಕೆ ಹೆಂಡತಿ ಎರಡು ಲೋಟ ಟೀ ತಂದಿಟ್ಟಳು. ಅಣ್ಣ ತನ್ನ ಅಂಗಡಿಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದ. ಒಂದು ಲೋಟದ ಮೇಲೆ ಕೆನೆ ಕಟ್ಟಿತು.

"ಪಟ್ಟಿ ಕಿತ್ತುಹಾಕಿ," ಎಂದಳು ಹೆಂಡತಿ.

"ಕಿತ್ತರೆ ಸುಳ್ಳು ಬರೆದಿದ್ದೆ ಅಂತ ಆಗಲ್ವೇನೇ?"

ಹೆಂಡತಿ ತಣ್ಣಗಾದ ಲೋಟವನ್ನು ಒಳಗೆ ತೆಗೆದುಕೊಂಡು ಹೋದಳು. ಮರುದಿನ ಮತ್ತೆ ಎರಡು ತಂದಿಟ್ಟಳು.

ಮೂರನೆಯ ದಿನ ಪಟ್ಟಿಯ ಪಕ್ಕದಲ್ಲಿ, ಗಾಜಿನ ಹೊರಗಡೆ, ಇನ್ನೊಂದು ಕಾಗದ ಅಂಟಿತ್ತು. ಡಾಕ್ಟರ ಸಹಿ, ಮೊಹರು. "ಇವರ ಹೃದಯ, ರಕ್ತದೊತ್ತಡ, ಶ್ವಾಸಕೋಶಗಳನ್ನು ಪರೀಕ್ಷಿಸಲಾಗಿದ್ದು ವಯಸ್ಸಿಗೆ ತಕ್ಕಂತೆ ಇವೆ." 'ವಯಸ್ಸಿಗೆ ತಕ್ಕಂತೆ' ಎಂಬುದನ್ನು ಯಾರೋ ಗಡಿಯಾರದ ಎಣ್ಣೆಯಿಂದ ಒರೆಸಲು ನೋಡಿದ್ದರು. ಅಂದಿನಿಂದ ಗಡಿಯಾರದಣ್ಣ ದಿನಕ್ಕೆ ನಾಲ್ಕು ಸಲ ಸ್ಟುಡಿಯೋದ ಮುಂದೆ ಬಿರಬಿರನೆ ನಡೆದುಹೋಗುತ್ತಿದ್ದ, ಬಾಯಿ ಮುಚ್ಚಿಕೊಂಡು, ಉಸಿರು ಕೇಳಿಸದಂತೆ. ಮೂಲೆ ತಿರುಗಿದ ಮೇಲೆ ಬೇಕರಿಯ ಕಟ್ಟೆಯ ಮೇಲೆ ಕೂತು ಹತ್ತು ನಿಮಿಷ ಏದುತ್ತಿದ್ದ. ಐದನೆಯ ದಿನ ಬ್ಯಾಂಕಿನ ಮುಂದೆ ಏಣಿ ಹಾಕಿ, ಯಾರೂ ಕೇಳದೆಯೇ, ಮೇಲಿನ ದೊಡ್ಡ ಗಡಿಯಾರ ಸರಿಮಾಡಿದ. ಅದು ಸರಿಯಾಗಿಯೇ ಇತ್ತು.

ಇತ್ತ ಟೀಚರಮ್ಮ ಬಂದು ಸ್ಟೂಲಿನ ಮೇಲೆ ಕೋಲು ಊರಿ ಕೂತರು. "ತೆಗೀರಿ. ನನ್ನ ಹಟ ಹೇಗಿದೆ ಅಂತ ಎಲ್ಲರೂ ನೋಡಲಿ." ನಗಬೇಡಿ ಎಂದು ಹೇಳುವ ಅಗತ್ಯ ಬೀಳಲಿಲ್ಲ. ಅವರು ಕೂತದ್ದು ನೋಡಿ ಟೈಲರು ಹೊಸ ಕೋಟು ಹೊಲಿದುಕೊಂಡು ಬಂದ. ಪಟ್ಟಿಯ ಎಂಟನೆಯವಳು ಐದನೆಯವಳಿಗಿಂತ ಮೊದಲೇ ಕೂರುತ್ತೇನೆಂದು ಜಗಳ ತೆಗೆದಳು. ಐದನೆಯವಳು, "ನನ್ನ ಸರದಿ ಯಾರಿಗೂ ಬಿಟ್ಟುಕೊಡಲ್ಲ," ಎಂದಳು. ಇದೇ ಸರದಿಯನ್ನು ಮೂರು ದಿನದ ಹಿಂದೆ ಅವಳು ಬಾಯಿಗೆ ಬಂದಂತೆ ಬೈದಿದ್ದಳು.

ಏಳನೆಯ ದಿನ ಜನನ ಮರಣ ಕಚೇರಿಯ ಗುಮಾಸ್ತ ಕಂಕುಳಲ್ಲಿ ಫೈಲು ಇಟ್ಟುಕೊಂಡು ಬಂದ.

"ಈ ಪಟ್ಟಿಗೆ ಏನು ಆಧಾರ?"

"ಮುಖ ನೋಡಿ ಬರೆದೆ ಸ್ವಾಮಿ."

"ಮೂರು ಜನ ನಮ್ಮ ಕಚೇರಿಗೆ ಬಂದು, ನಮ್ಮ ಹೆಸರು ನಿಮ್ಮಲ್ಲೂ ಬಂದಿದೆಯಾ ಅಂತ ಕೇಳಿದ್ದಾರೆ. ನೋಡಿ, ಸಾವು ಆದ ಮೇಲೆ ತಿಳಿಸೋಕೆ ಫಾರಂ ಇದೆ. ಆಗೋ ಮೊದಲು ತಿಳಿಸೋಕೆ ಫಾರಂ ಇಲ್ಲ. ಫಾರಂ ಇಲ್ಲದ ಕೆಲಸ ಮಾಡಬಾರದು."

"ತಪ್ಪಾಯ್ತು ಸ್ವಾಮಿ."

ಗುಮಾಸ್ತ ಫೈಲಿನಲ್ಲಿ "ತಪ್ಪೊಪ್ಪಿಕೊಂಡರು" ಎಂದು ಬರೆದ. ಫೈಲು ಮುಚ್ಚಿದ. ಆ ಕಡೆ ಈ ಕಡೆ ನೋಡಿ ದನಿ ತಗ್ಗಿಸಿದ. "ಒಂದು ಮಾತು. ನಮ್ಮ ದೊಡ್ಡ ಸಾಹೇಬರ ಮುಖ ಒಂದ್ಸಲ ನೋಡ್ತೀರಾ? ಸುಮ್ಮನೆ. ಮುಂದಿನ ಬಡ್ತಿ ನನ್ನದು, ಅದಕ್ಕೆ."

ಹತ್ತನೆಯ ದಿನದ ಹೊತ್ತಿಗೆ ಇಪ್ಪತ್ಮೂರು ಜನ ಕೂತೆದ್ದು ಹೋಗಿದ್ದರು. ಕ್ಯಾಮೆರಾದ ಬೆನ್ನಿನ ಕಿಂಡಿಯಲ್ಲಿ ಹನ್ನೆರಡು ಎಂಬ ಅಂಕಿ ಕಾಣುತ್ತಿತ್ತು. ಕೊನೆಯದು. ಬೇಕರಿಯವನು ಕೇಕು ತಂದುಕೊಟ್ಟು ಅದನ್ನು ಕೇಳಿದ. ಗುಮಾಸ್ತ ಸಾಹೇಬರ ಪರವಾಗಿ ಕೇಳಿದ. ಬಣ್ಣದ ಸ್ಟುಡಿಯೋದವನು ಸುಮ್ಮನೆ ನೋಡುತ್ತೇನೆಂದು ಬಂದು, ಅವನೂ ತನ್ನ ತಾಯಿಗಾಗಿ ಕೇಳಿದ.

"ಅದು ಒಂದನೇ ನಂಬರಿನದು," ಎನ್ನುತ್ತಿದ್ದ ನಗಬೇಡಪ್ಪ. ಅವನಿಗೆ ಈಗ ಫಿಲಂ ನಿಂತುಹೋದ ದುಃಖವೂ ಹಿಂದಾಗಿತ್ತು. ಸಂಜೆ ನಾಲ್ಕಕ್ಕೆ ಕೆನೆ ಕಟ್ಟುವ ಆ ಎರಡನೆಯ ಲೋಟವನ್ನು ನೋಡಲಾಗುತ್ತಿರಲಿಲ್ಲ. ಅಣ್ಣ ಮುನಿಸಿನಲ್ಲೇ ಹೋಗಿಬಿಟ್ಟರೆ, ಗೋಡೆಗೆ ಹಾಕಲು ಒಂದು ಮುಖವೂ ಇಲ್ಲ, ಬೆಂಚಿನಲ್ಲಿ ಪಕ್ಕಕ್ಕೆ ಒಬ್ಬ ಮನುಷ್ಯನೂ ಇಲ್ಲ.

ಹನ್ನೊಂದನೆಯ ದಿನ ಬೀದಿ ದಾಟಿ ಗಡಿಯಾರದಂಗಡಿಗೆ ಹೋದ. ಒಳಗೆ ಮೂವತ್ತು ಗಡಿಯಾರ ಟಿಕ್ ಟಿಕ್ ಎನ್ನುತ್ತಿದ್ದವು. ಅಣ್ಣ ತಿರುಗಿ ನೋಡಲಿಲ್ಲ.

"ಅಣ್ಣಾ, ಒಂದು ಫ್ರೇಮು ಉಳಿದಿದೆ. ನಿಮ್ಮದು."

"ನಾನು ಹೋಗಲ್ಲ ಕಣಯ್ಯ. ಮೊಹರು ಹಾಕಿಸಿದ್ದೀನಿ."

"ಹೋಗಬೇಡಿ. ಇಲ್ಲೇ ಇರಿ. ಬಂದು ಕೂತ್ರೆ ಸಾಕು."

ಅಣ್ಣ ಒಂದು ಸಣ್ಣ ತಿರುಪನ್ನು ಬಿಗಿದು ಕೆಳಗಿಟ್ಟ. "ಅದು ನನ್ನದೇನಾ?"

"ನಿಮ್ಮದೇ."

"ಅಂದ್ರೆ ಅದನ್ನ ನಾನು ಏನು ಬೇಕಾದ್ರೂ ಮಾಡಬಹುದು."

"...ಮಾಡಬಹುದು."

"ನಾಳೆ ಹನ್ನೊಂದಕ್ಕೆ ಬರ್ತೀನಿ. ನಿನ್ನ ಗೋಡೆ ಗಡಿಯಾರ ನಾಲ್ಕು ನಿಮಿಷ ಹಿಂದಿದೆ, ಅದನ್ನ ನೋಡಬೇಡ. ನಾನು ಬಂದಾಗ ಹನ್ನೊಂದು."

ಮರುದಿನ ಅಣ್ಣ ಬಂದಾಗ ಬೆಳಕು ಸ್ಟೂಲಿನ ಮೇಲೆ ಬಿದ್ದಿತ್ತು. ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ. ಬಾಗಿಲಲ್ಲಿ ಟೀಚರಮ್ಮ, ಟೈಲರು, ಬೇಕರಿಯವನು ಕತ್ತು ಚಾಚಿ ನಿಂತಿದ್ದರು. ಅಣ್ಣ ಸ್ಟೂಲಿನ ಹತ್ತಿರ ಹೋಗಲಿಲ್ಲ. ನೇರ ಕ್ಯಾಮೆರಾದ ಹಿಂದೆ ಹೋಗಿ ನಿಂತ.

"ಕೂತ್ಕೋ," ಎಂದ.

"ನಾನಾ?"

"ಇಪ್ಪತ್ನಾಲ್ಕು ಜನರನ್ನ ಮೇಲೆ ಕಳಿಸೋ ಪಟ್ಟಿ ಮಾಡಿದೀಯ. ನೀನು ಮಾತ್ರ ಇಲ್ಲೇ ಇದ್ದು ಫೋಟೋ ತೊಳೀತಾ ಇರ್ತೀಯಾ?"

ಆ ಮಾತು ನಗಬೇಡಪ್ಪನ ತಲೆಗೆ ಎಂದೂ ಬಂದಿರಲಿಲ್ಲ. ಕ್ಯಾಮೆರಾದ ಹಿಂದೆ ನಿಂತವನಿಗೂ ಒಂದು ಮುಖವಿದೆ, ಅದಕ್ಕೂ ಒಂದು ಫ್ರೇಮು ಬೇಕಾಗುತ್ತದೆ ಎಂದು ನಲವತ್ತೊಂದು ವರ್ಷದಲ್ಲಿ ಯಾರೂ ಹೇಳಿರಲಿಲ್ಲ. ಮದುವೆಯ ದಿನವೂ ಫೋಟೋ ತೆಗೆದವನು ಅವನೇ. ಆ ಫೋಟೋದಲ್ಲಿ ಹೆಂಡತಿಯ ಪಕ್ಕದಲ್ಲಿ ಒಂದು ಖಾಲಿ ಕುರ್ಚಿ ಇದೆ.

"ಅದು ನಿಮ್ಮ ಫ್ರೇಮು ಅಣ್ಣಾ. ಕೊನೇದು."

"ನನ್ನದು ಅಂತ ನೀನೇ ಹೇಳಿದೆ. ನನ್ನಿಷ್ಟ."

ಒಳಬಾಗಿಲಲ್ಲಿ ನಿಂತಿದ್ದ ಹೆಂಡತಿ ಸೆರಗಿಗೆ ಕೈ ಒರೆಸಿಕೊಂಡಳು. "ಕೂತ್ಕೊಳ್ರೀ," ಎಂದಳು.

ಅವನು ಕೂತ. ಸ್ಟೂಲು ಇಷ್ಟು ಗಟ್ಟಿಯಾಗಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ಬೆಳಕು ಕಣ್ಣು ಚುಚ್ಚುತ್ತದೆ ಎಂದೂ ಗೊತ್ತಿರಲಿಲ್ಲ. ಕೈ ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ತೊಡೆಯ ಮೇಲಿಟ್ಟ, ಒಮ್ಮೆ ಎದೆಗೆ ಕಟ್ಟಿಕೊಂಡ. "ಕೈ ಕೆಳಗೆ!" ಎಂದರು ಟೀಚರಮ್ಮ.

ಅಣ್ಣ ಡಬ್ಬಿಯ ಮೇಲೆ ಬಗ್ಗಿದ. ಅದರ ಒಂದೊಂದು ಸ್ಪ್ರಿಂಗೂ ಅವನಿಗೆ ಪರಿಚಯ. ಬಹಳ ಹೊತ್ತು ನೋಡಿದ. ಕೋಣೆಯಲ್ಲಿ ಅವನ ಉಸಿರಿನ ಸದ್ದು ಬಿಟ್ಟು ಬೇರೇನೂ ಇರಲಿಲ್ಲ. ಈ ಸಲ ಅದನ್ನು ಅವನು ಮುಚ್ಚಿಡಲಿಲ್ಲ. ಆಮೇಲೆ ತಲೆ ಎತ್ತದೆ, ಬಹಳ ಗಂಭೀರವಾಗಿ, ಹೇಳಿದ:

"ನಗಬೇಡಪ್ಪ."

ಮೊದಲು ನಕ್ಕವನು ಬೇಕರಿಯವನು. ಆಮೇಲೆ ಟೈಲರು. ನಗಬೇಡಪ್ಪ ತುಟಿ ಕಚ್ಚಿ ತಡೆದ, ಕೆನ್ನೆ ಬಿಗಿದು ತಡೆದ, ಗೋಡೆಯ ಮೇಲಿನ ಎರಡು ತಲೆಮಾರಿನ ಗಂಭೀರ ಮುಖಗಳನ್ನು ನೆನೆದು ತಡೆದ. ಆಗಲಿಲ್ಲ. ಹೊಟ್ಟೆಯಿಂದ ಎದ್ದುಬಂದ ನಗು ಬಾಯಿಗೆ ಬಂದ ಹೊತ್ತಿಗೆ ಸರಿಯಾಗಿ ಶಟರ್ ಚಿಟಿಕೆ ಹೊಡೆಯಿತು.

"ಹಾಳಾಯ್ತು!" ಎಂದು ಅವನು ಎದ್ದು ನಿಂತ. "ಕೊನೇ ಫ್ರೇಮು ಅಣ್ಣಾ! ನಕ್ಕುಬಿಟ್ಟೆ!"

"ಒಂದೂಕಾಲು ಸೆಕೆಂಡು," ಎಂದ ಅಣ್ಣ. "ಇನ್ನೂ ಸರಿಹೋಗಿಲ್ಲ ನೋಡು."

ಆ ಸಂಜೆ ಎರಡನೆಯ ಲೋಟದ ಮೇಲೆ ಕೆನೆ ಕಟ್ಟಲಿಲ್ಲ.

ಮುಂದಿನ ತಿಂಗಳು ಏಜೆಂಟ ಬಂದ. ಸ್ಟೂಲಿನ ಮೇಲೆ ಕೂತು ಚೀಲ ಬಿಚ್ಚಿ, ಹತ್ತು ಹಸಿರು ಡಬ್ಬಿ ತೆಗೆದಿಟ್ಟ. "ಅದೇ ಫಿಲಂ ಸಾರ್. ಡಬ್ಬಿಯ ಬಣ್ಣ ಬದಲಾಯಿಸಿದ್ದಾರೆ ಅಷ್ಟೇ. ಹಸಿರು ಡಬ್ಬಿಗೆ ಬೇರೆ ಕಪಾಟು ಮಾಡಿದ್ರಂತೆ. ಡ್ರೈವರು ಆ ಕಡೆ ನೋಡಿರಲಿಲ್ಲ."

ಸುದ್ದಿ ಬೀದಿಗೆ ಹಬ್ಬಿತು. "ಅಂದ್ರೆ ನಮಗೆ ಹೋಗೋ ಅವಸರ ಏನೂ ಇರಲಿಲ್ಲ ಅಂತಾಯ್ತು," ಎಂದರು ಟೀಚರಮ್ಮ. ಅಷ್ಟರಲ್ಲಿ ಟೈಲರು ಬೀಡಿ ಬಿಟ್ಟಾಗಿತ್ತು. ಬೇಕರಿಯವನು ಮೊದಲ ಹಸಿರು ಡಬ್ಬಿಯ ಮೊದಲ ಫ್ರೇಮಿನಲ್ಲಿ ಕೂತ.

ಗಡಿಯಾರದಣ್ಣ ಮಾತ್ರ ಕೂರಲಿಲ್ಲ. ನಗಬೇಡಪ್ಪ ವಾರಕ್ಕೊಮ್ಮೆ ಕೇಳುತ್ತಿದ್ದ. "ಫಿಲಂ ಇದೆಯಲ್ಲ. ಅವಸರ ಏನು?" ಎನ್ನುತ್ತಿದ್ದ ಅಣ್ಣ.

ಪಟ್ಟಿಯನ್ನು ಯಾರೂ ಕೀಳಲಿಲ್ಲ. ಕೇಳಿದರೆ ನಗಬೇಡಪ್ಪ ನಾಳೆ ಎನ್ನುತ್ತಿದ್ದ. ಬಿಸಿಲಿಗೆ ಮೊದಲು ಮಾಸುವುದು ಕೆಂಪು. ಎರಡು ಬೇಸಿಗೆಯಲ್ಲಿ ಉಸಿರು, ಹಟ, ಬೀಡಿ ಎಲ್ಲ ಮಾಸಿಹೋಗಿ, ಬರೀ ಹೆಸರುಗಳೂ "ದಯವಿಟ್ಟು ಬಂದು ಕೂರಬೇಕು" ಎಂಬ ವಿನಂತಿಯೂ ಉಳಿದವು.

ಹೀಗೆ ಆರು ವರ್ಷವಾಯಿತು. ಆರನೆಯ ವರ್ಷ, ಮಳೆ ಇನ್ನೂ ಹಿಡಿಯದ ದಿನಗಳಲ್ಲಿ, ಬೀದಿಯವರೆಲ್ಲ ಸ್ಟುಡಿಯೋದ ಮುಂದೆ ಸೇರಿದರು. ಗೋಡೆಗೆ ಹಾಕಲು ಫೋಟೋ ಬೇಕೆಂದಾಗ ಹೆಂಡತಿ ಹುಡುಕಬೇಕಾಗಲಿಲ್ಲ, ಇದ್ದದ್ದು ಅದೊಂದೇ. ಎರಡು ತಲೆಮಾರಿನ ಗಂಭೀರ ಮುಖಗಳ ನಡುವೆ, ಬಾಯಿ ತುಂಬ ನಗುತ್ತಿದ್ದವನು ಅವನೊಬ್ಬನೇ. ಮೂರು ತಿಂಗಳ ಮೇಲೆ ಕಂಪನಿ ಆ ಫಿಲಮ್ಮನ್ನು ನಿಜವಾಗಿಯೇ ನಿಲ್ಲಿಸಿತು. ಸುದ್ದಿ ತಂದ ಏಜೆಂಟನಿಗೆ ಅದನ್ನು ಯಾರಿಗೆ ಹೇಳಬೇಕೆಂದು ತಿಳಿಯಲಿಲ್ಲ.

ಆದರೆ ಆ ದಿನದ ಮಾತು ಹೇಳುತ್ತಿದ್ದೆ. ಜನ ಚದುರಿದ ಮೇಲೆ ಎಂಬತ್ತೇಳರ ಗಡಿಯಾರದಣ್ಣ ಮೆ‌ಲ್ಲಗೆ ಒಳಗೆ ಬಂದು, ಗಾಜಿನಿಂದ ಪಟ್ಟಿಯನ್ನು ಬಿಡಿಸಿ, ಮೇಜಿನ ಮೇಲೆ ಹರಡಿದ. ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡ. ತನ್ನ ಹೆಸರನ್ನು ಹೊಡೆದುಹಾಕುತ್ತಾನೆ ಎಂದುಕೊಂಡಳು ಹೆಂಡತಿ. ಹೊಡೆದುಹಾಕಲಿಲ್ಲ. ಒಂದನೇ ನಂಬರು ಹಾಗೇ ಇತ್ತು. ಅದರ ಮೇಲಿದ್ದ ಚೂರು ಜಾಗದಲ್ಲಿ ಸೊನ್ನೆ ಹಾಕಿ, ನಗಬೇಡಪ್ಪ ಎಂದು ಬರೆದ. ಅದರ ಮುಂದೆ, ಬೇರೆಯವರಿಗೆಲ್ಲ ಕಾಯಿಲೆ ಬರೆದಿದ್ದ ಜಾಗದಲ್ಲಿ, ನಿಮಿಷ ತಪ್ಪದಂತೆ ಬರೆದ:

ಸೋಮವಾರ, ಬೆಳಿಗ್ಗೆ ಹತ್ತು ಇಪ್ಪತ್ತು.